ಚಕ್ರವರ್ತಿಯ ಕುದುರೆಗಳು

“ಆ ತುದಿ ಹಿಡ್ಕೋ ಗುಬ್ಬಿ. ಗೋಡೆಗೆ ಒತ್ತಿ ಹಿಡ್ಕೋ,” ಎಂದು ಅಣ್ಣ ಅಳತೆ ಟೇಪನ್ನು ಮೇಜಿನ ಮೇಲಿಂದಲೇ ಎಳೆದ. ಟೇಪು ನಡುವೆ ಜೋತುಬಿದ್ದು, ಹಳ್ಳದ ಆಚೆ ನಿಂತಿದ್ದ ಮೂವರು ಈಟಿಗಾರರನ್ನು ಕೆಡವಿತು.

ಗುಬ್ಬಿ ಒಂದು ಕೈಯಲ್ಲಿ ಟೇಪಿನ ತುದಿ ಹಿಡಿದುಕೊಂಡೇ ಇನ್ನೊಂದು ಕೈ ಚಾಚಿ ಆ ಮೂವರನ್ನೂ ಎಬ್ಬಿಸಿ ನಿಲ್ಲಿಸಿದಳು. ಮೇಜಿಗೆ ಹಾಸಿದ ಹಸಿರು ಬಟ್ಟೆಯ ಮೇಲೆ ಹೆಬ್ಬೆರಳಿನಷ್ಟು ಎತ್ತರದ ಸೀಸದ ಬೊಂಬೆಗಳು. ಮೊದಲು ಎಲ್ಲಿದ್ದವೋ ಅಲ್ಲೇ, ಮುಖ ಯಾವ ಕಡೆಗಿತ್ತೋ ಆ ಕಡೆಗೇ. ಧೂಳಿನಲ್ಲಿ ಗುರುತು ಇದ್ದೇ ಇತ್ತು. ಅಪ್ಪ ತೀರಿಕೊಂಡು ಆರು ವಾರವಾಗಿದ್ದರೂ ಆ ಮೇಜಿಗೆ ಒರೆಸುವ ಬಟ್ಟೆ ತಾಗಿಸಲು ಅವಳು ಯಾರಿಗೂ ಬಿಟ್ಟಿರಲಿಲ್ಲ.

“ಒಂಬತ್ತಡಿ. ಮಂಚಾನೂ ಹಿಡಿಯುತ್ತೆ, ತೊಟ್ಟಿಲೂ ಹಿಡಿಯುತ್ತೆ,” ಎಂದ ಅಣ್ಣ. “ಈ ಸೀಸದ ಸಂಸಾರ ಒಂದು ಜಾಗ ಖಾಲಿ ಮಾಡಬೇಕಷ್ಟೆ. ಮೂರು ಗಂಟೆಗೆ ಗಡಿಯಾರದ ಮಾಮ ಬರ್ತಾರೆ. ಎಲ್ಲಾ ತಗೊಂಡು ಹೋಗಿ ಅಂತ ಹೇಳಿದೀನಿ.”

“ಎಲ್ಲಾನಾ?”

“ಮತ್ತೇನು, ನೀನು ಬೊಂಬೆ ಆಡ್ತೀಯಾ ಈ ವಯಸ್ಸಲ್ಲಿ?”

ಅಡುಗೆಮನೆಯಿಂದ ಅತ್ತಿಗೆ ಕೂಗಿದಳು. ಅವಳಿಗೆ ಏಳು ತಿಂಗಳು. “ಯುದ್ಧ ಮುಗೀತೇನ್ರೀ? ನಾನು ಕಸ ಗುಡಿಸ್ಬಹುದಾ?”

ಅಣ್ಣ ನಕ್ಕ. ಗುಬ್ಬಿಯೂ ನಕ್ಕಂತೆ ಮಾಡಿದಳು. ಬೆಳಗಿನಿಂದ ಅವಳು ಬಾಯೊಳಗೇ ಒಂದು ಮಾತನ್ನು ಉರುಹೊಡೆಯುತ್ತಿದ್ದಳು: ಮಾಮ, ಅದನ್ನೆಲ್ಲಾ ಬರೆದದ್ದು ನಾನು.

ಹದಿನೈದು ವರ್ಷಗಳಿಂದ ಆ ಮನೆಯಲ್ಲಿ ಭಾನುವಾರ ಮಧ್ಯಾಹ್ನವೆಂದರೆ ಆ ಮೇಜು. ಅಪ್ಪ ಸರ್ವೇ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ಲೈಬ್ರರಿಯಿಂದ ದಪ್ಪ ದಪ್ಪ ಪುಸ್ತಕ ತಂದು, ಸುಮಾರು ನಾನ್ನೂರು ವರ್ಷದ ಹಿಂದೆ ಯುರೋಪಿನಲ್ಲಿ ಮೂವತ್ತು ವರ್ಷ ನಡೆದ ಒಂದು ಯುದ್ಧವನ್ನು ಓದಿ ಓದಿ ಅದರಲ್ಲೇ ವಾಸವಾಗಿಬಿಟ್ಟಿದ್ದರು. ಬೀದಿ ಕೊನೆಯ ಗಡಿಯಾರ ರಿಪೇರಿಯವರಿಗೂ ಅದೇ ಹುಚ್ಚು. ಇಬ್ಬರೂ ಸೇರಿ ಸೀಸ ಕರಗಿಸಿ ಸೈನಿಕರನ್ನು ಎರಕ ಹೊಯ್ದರು, ಬಣ್ಣ ಹಚ್ಚಿದರು. “ಆಗ ಯೂನಿಫಾರ್ಮ್ ಅಂತ ಇರಲಿಲ್ಲ ಗುಬ್ಬಿ. ಒಬ್ಬನದು ಕಂದು ಅಂಗಿ, ಪಕ್ಕದವನದು ನೀಲಿ. ಸೊಂಟದ ಪಟ್ಟಿ ನೋಡಿ, ಟೋಪಿ ನೋಡಿ ನಮ್ಮವನೋ ಅಲ್ಲವೋ ಅಂತ ಗೊತ್ತು ಮಾಡ್ಕೋಬೇಕು,” ಎಂದು ಅಪ್ಪ ಹೇಳುತ್ತಿದ್ದರು. ಅಪ್ಪನದು ಚಕ್ರವರ್ತಿಯ ಪಡೆ, ಕೆಂಪು ಪಟ್ಟಿ. ಮಾಮನದು ಸ್ವೀಡನ್ ದೊರೆಯ ಪಡೆ, ಟೋಪಿಯಲ್ಲಿ ಹಸಿರು ಎಲೆ.

ಗುಬ್ಬಿ ಎಂಟನೇ ತರಗತಿಗೇ ಶಾಲೆ ಬಿಟ್ಟವಳು. ಅಮ್ಮ ಹೋದ ವರ್ಷ ಅದು. ಆಮೇಲೆ ಬಟ್ಟೆ ಅಂಗಡಿಯಿಂದ ಅಂಗಿಗಳನ್ನು ತಂದು ಮನೆಯಲ್ಲೇ ಕಾಜಾ ಹೊಲಿದು ಗುಂಡಿ ಹಾಕುವ ಕೆಲಸ ಹಿಡಿದಳು. ಭಾನುವಾರ ಅದೇ ಮೂಲೆಯಲ್ಲಿ ಕಿಟಕಿಯ ಬೆಳಕಿಗೆ ಕೂತು ಹೊಲಿಯುತ್ತಿದ್ದಳು. ನಡುನಡುವೆ ಎದ್ದು ಎರಡು ಲೋಟ ಟೀ ತಂದಿಡುತ್ತಿದ್ದಳು. ಗಂಡಸರಿಬ್ಬರಿಗೂ ಅವಳು ಅಲ್ಲಿರುವುದು ಗೊತ್ತಿತ್ತು, ಗಡಿಯಾರದ ಸದ್ದು ಗೊತ್ತಿರುವ ಹಾಗೆ. ಅವಳು ಮಾತ್ರ ಒಂದು ನಡೆಯನ್ನೂ ತಪ್ಪಿಸಿಕೊಂಡವಳಲ್ಲ.

ಆಟದ ಕ್ರಮ ಹೀಗೆ. ಒಬ್ಬರಾದ ಮೇಲೆ ಒಬ್ಬರು ನಡೆಸುವಂತಿಲ್ಲ. ಇಬ್ಬರೂ ತಮ್ಮ ತಮ್ಮ ಪಡೆಗೆ ಕೊಡುವ ಆಜ್ಞೆಯನ್ನು ಗುಟ್ಟಾಗಿ ಒಂದು ಚೀಟಿಯಲ್ಲಿ ಬರೆದು, ಮಡಿಸಿ, ತಮ್ಮ ಸೇನಾಪತಿಯ ಬೊಂಬೆಯ ಕೆಳಗಿಡಬೇಕು. ಆಮೇಲೆ ಒಟ್ಟಿಗೆ ಬಿಚ್ಚಿ ಓದಬೇಕು. ಮಡಿಸಿಟ್ಟ ಮೇಲೆ ಬರೆದದ್ದು ಬರೆದಾಯಿತು, ತಿದ್ದುವ ಹಾಗಿಲ್ಲ. ಚೀಟಿ ಬಿಚ್ಚಿದಾಗ ಬಯಲಾಗುವ ಪೆದ್ದುತನಕ್ಕೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಪ್ಪನ ಚೀಟಿಯಲ್ಲಿ ಕುದುರೆ ಸವಾರರಿಗೆ ಯಾವಾಗಲೂ ಒಂದೇ ಆಜ್ಞೆ: ಸಾಲಾಗಿ ಹೋಗಿ, ಪಿಸ್ತೂಲು ಹಾರಿಸಿ, ತಿರುಗಿ ಬನ್ನಿ. ಆ ಕಾಲದ ಸವಾರರು ಹಾಗೇ ಮಾಡುತ್ತಿದ್ದರೆಂದು ಪುಸ್ತಕದಲ್ಲಿತ್ತು. ಮಾಮ ಬಿಡುತ್ತಿರಲಿಲ್ಲ. “ನಿನ್ನ ಕುದುರೆಗಳು ಯುದ್ಧಕ್ಕೆ ಬರ್ತಾವೋ, ನೆಂಟರ ಮನೆ ಬಾಗಿಲಲ್ಲಿ ನಿಂತು ಯೋಗಕ್ಷೇಮ ವಿಚಾರಿಸ್ಕೊಂಡು ಹೋಗೋಕೆ ಬರ್ತಾವೋ?” ಅಪ್ಪ ಕನ್ನಡಕ ಸರಿಮಾಡಿಕೊಂಡು, “ಸೋತರೂ ನನ್ನ ಕುದುರೆ ಮನೆಗೆ ಬರುತ್ತಪ್ಪಾ. ನಿನ್ನದು ಬರಲ್ಲ,” ಎನ್ನುತ್ತಿದ್ದರು.

ಕಾಯಿಲೆ ಶುರುವಾದಾಗ ಮೊದಲು ಕೈ ನಡುಗಿತು. ಚೀಟಿ ಬರೆಯಲು ಗುಬ್ಬಿಯನ್ನು ಕರೆದರು. ಅವಳು ಅಪ್ಪನ ಬಾಯಿಗೆ ಕಿವಿ ಕೊಟ್ಟು ಅವರು ಪಿಸುಗುಟ್ಟಿದ್ದನ್ನು ಬರೆದು ಮಡಿಸಿಡುತ್ತಿದ್ದಳು. ಮಾಮ ಬೆನ್ನು ತಿರುಗಿಸಿ ಕೂತು ತಮ್ಮದನ್ನು ಬರೆಯುತ್ತಿದ್ದರು. ಆಮೇಲೆ ಕೈಯ ಹಿಂದೆಯೇ ನೆನಪೂ ಸಡಿಲವಾಯಿತು. ಒಂದು ಭಾನುವಾರ ಅವಳು ಕಿವಿಯಿಟ್ಟಾಗ ಅಪ್ಪ, “ಮಳೆ ಬರುತ್ತೇನಮ್ಮಾ?” ಎಂದರು. ಅಷ್ಟೇ. ಮಾಮ ಆ ಕಡೆ ಮುಖ ಮಾಡಿ ಕಾಯುತ್ತಿದ್ದರು. ಆಟ ನಿಂತರೆ ಮಾಮ ಬರುವುದು ನಿಲ್ಲುತ್ತದೆ, ಮಾಮ ಬರುವುದು ನಿಂತರೆ ಅಪ್ಪನಿಗೆ ಭಾನುವಾರವೇ ಇಲ್ಲ ಎಂದುಕೊಂಡಳು. ತನಗೂ ಇಲ್ಲ ಎಂಬುದನ್ನು ಆಗ ಎಣಿಸಲಿಲ್ಲ. ಅವಳ ಕಣ್ಣಿಗೆ ಬಲಗಡೆ, ಸೇತುವೆಯ ಹತ್ತಿರ, ಮಾಮನ ಕೋವಿಗಾರರು ಈಟಿಗಾರರ ಆಸರೆ ಬಿಟ್ಟು ಒಂದು ಗೇಣು ಮುಂದೆ ಬಂದಿದ್ದು ಕಂಡಿತ್ತು. ಬರೆದಳು: ಬಲಪಕ್ಷದ ಕುದುರೆ ನುಗ್ಗಲಿ. ಪಿಸ್ತೂಲು ಬೇಡ. ಕತ್ತಿ.

ಚೀಟಿ ಬಿಚ್ಚಿದ ಮಾಮ ಕುರ್ಚಿಯಿಂದ ಎದ್ದೇಬಿಟ್ಟರು. “ಅಯ್ಯೋ ಇವನ! ಏನಯ್ಯಾ ಇದು? ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ?” ಅಪ್ಪ ಅವರನ್ನು ನೋಡಿ ನಕ್ಕರು. ಯಾರೇ ಎದ್ದು ನಿಂತರೂ ಅಪ್ಪ ಆಗ ನಗುತ್ತಿದ್ದರು. ಮಾಮ ಅದನ್ನು ಗೆದ್ದವನ ನಗು ಎಂದುಕೊಂಡರು. ಮೂಲೆಯಲ್ಲಿ ಗುಬ್ಬಿ ಅಂಗಿಯೊಂದರ ಗುಂಡಿಯನ್ನು ತಪ್ಪು ಕಡೆಗೆ ಹೊಲಿದುಬಿಟ್ಟಿದ್ದಳು.

ಹಾಗೆ ಎರಡು ತಿಂಗಳು ಚಕ್ರವರ್ತಿಯ ಪಡೆಯನ್ನು ಅವಳೇ ನಡೆಸಿದಳು. ವಾರವೆಲ್ಲ ಸೂಜಿ ಓಡಿಸುತ್ತ ತಲೆಯೊಳಗೆ ಕುದುರೆ ಓಡಿಸಿದಳು. ಜನ್ಮದಲ್ಲಿ ಮೊದಲ ಸಲ ಒಬ್ಬರು ಅವಳ ಯೋಚನೆಗೆ ಎದುರು ಕೂತು ಗಲ್ಲ ಕೆರೆದುಕೊಳ್ಳುತ್ತಿದ್ದರು, ಬೈಯುತ್ತಿದ್ದರು, ಭೇಷ್ ಎನ್ನುತ್ತಿದ್ದರು. ಎಲ್ಲವೂ ಪಕ್ಕದ ಕುರ್ಚಿಗೆ ಹೋಗುತ್ತಿತ್ತು. ಕೊನೆಯ ಭಾನುವಾರ ಅವಳು ಚೀಟಿ ಬರೆದು ಸೇನಾಪತಿಯ ಕೆಳಗಿಟ್ಟಿದ್ದಳು. ಮಾಮ ಮಾತ್ರ, “ಇದಕ್ಕೆ ನಾನು ಯೋಚನೆ ಮಾಡ್ಬೇಕು. ಮುಂದಿನ ವಾರ ಬರೀತೀನಿ,” ಎಂದು ಹೋದರು. ಗುರುವಾರ ಅಪ್ಪ ಹೋದರು.

ಮೂರು ಗಂಟೆಗೆ ಸರಿಯಾಗಿ ಮಾಮ ಬಂದರು. ಒಂದರೊಳಗೊಂದು ಇಟ್ಟ ನಾಲ್ಕು ರಟ್ಟಿನ ಪೆಟ್ಟಿಗೆ, ಕಂಕುಳಲ್ಲಿ ಹಳೆಯ ಪೇಪರಿನ ಕಟ್ಟು. ಮೇಜನ್ನು ನೋಡಿ ಬಾಗಿಲಲ್ಲೇ ನಿಂತರು.

“ಹಾಗೇ ಇದೆ.”

“ಇವಳು ಮುಟ್ಟೋಕೆ ಬಿಟ್ಟರೆ ತಾನೆ?” ಎಂದ ಅಣ್ಣ. “ಕಾವಲು ನಾಯಿ ಇದ್ದ ಹಾಗೆ ಕೂತಿರ್ತಾಳೆ. ಕೂತ್ಕೊಳ್ಳಿ ಮಾಮ. ಗುಬ್ಬಿ, ಟೀ.”

ಅವಳು ಟೀ ತಂದಾಗ ಮಾಮ ಅಣ್ಣನಿಗೆ ಹೇಳುತ್ತಿದ್ದರು. “ನಿಮ್ಮಪ್ಪ ಹದಿನೈದು ವರ್ಷ ಪುಕ್ಕಲನ ಹಾಗೆ ಆಡಿದ ಕಣಪ್ಪಾ. ಬಾಯಿ ಬಿಟ್ಟು ಹೇಳ್ತಿದ್ದೆ ನಾನು, ಅವನಿಗೇನೂ ಬೇಜಾರಿರಲಿಲ್ಲ. ಆದರೆ ಕೊನೆಗೆ? ಸಾವು ಎದುರಿಗೆ ಕೂತಿದೆ, ಕೈಕಾಲು ಆಡ್ತಿಲ್ಲ, ಆಗ ನುಗ್ಗಿದ. ನೀನು ನೋಡ್ಬೇಕಿತ್ತು. ಅಂಗಡಿಗೆ ಬಂದವರಿಗೆಲ್ಲ ಹೇಳ್ತೀನಿ ನಾನು.”

“ಬೊಂಬೆ ಆಟದಲ್ಲಿ ತಾನೆ ಮಾಮ?”

“ಬೊಂಬೆ ಆಟದಲ್ಲೇ.” ಮಾಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಬರೋ ತಿಂಗಳು ನನ್ನ ಎದೆ ಕೊಯ್ತಾರೆ ಅಂತ ಗೊತ್ತಲ್ಲ? ಡಾಕ್ಟರು ನಗ್ತಾ ನಗ್ತಾ ಹೇಳಿದ. ನನಗೆ ನಗು ಬರಲಿಲ್ಲ. ಒಬ್ಬನೇ ಕೂತಾಗ ಕೈ ತಣ್ಣಗಾಗುತ್ತೆ. ಆಗ ಇವನ ಕುದುರೆ ನೆನಪು ಮಾಡ್ಕೋತೀನಿ. ಆ ಪುಕ್ಕಲನೇ ಮಾಡಿದ ಅಂದ್ಮೇಲೆ, ನನಗೇನು ಧಾಡಿ?”

ಅಣ್ಣ ಏನೋ ಸಮಾಧಾನ ಹೇಳಿ, ಮಂಚದ ಬಡಗಿಯನ್ನು ನೋಡಿ ಬರುತ್ತೇನೆಂದು ಹೊರಟ. ಗುಬ್ಬಿ ಖಾಲಿ ತಟ್ಟೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಬೆಳಗಿನಿಂದ ಉರುಹೊಡೆದ ಮಾತು ನಾಲಿಗೆಯ ತುದಿಯಲ್ಲಿತ್ತು. ಮಾಮನ ಕೈ ನೋಡಿದಳು. ಗಡಿಯಾರದ ಕೂದಲೆಳೆಯಂಥ ಮುಳ್ಳುಗಳನ್ನು ಎತ್ತಿಡುವ ಕೈ. ಅದು ಲೋಟವನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

“ಚೀಟಿ ಅಲ್ಲೇ ಇದೆಯಾ ಮರಿ?” ಎಂದರು ಮಾಮ.

“ಇದೆ.”

“ಹಾಗಾದ್ರೆ ಇದೊಂದು ಮುಗಿಸಿಬಿಡೋಣ. ನಾನು ಬರೆಯೋವರೆಗೂ ಬಿಚ್ಚಬೇಡ.”

ಅವರು ಬೆನ್ನು ತಿರುಗಿಸಿ ಕೂತು, ತೊಡೆಯ ಮೇಲೆ ಪೇಪರಿಟ್ಟುಕೊಂಡು ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಸತ್ತವನ ಚೀಟಿ ಕದ್ದು ನೋಡಲು ಯಾರೂ ಅಡ್ಡ ಇರಲಿಲ್ಲ. ಆದರೂ ತಮ್ಮದನ್ನು ಮಡಿಸಿ ಸ್ವೀಡನ್ ದೊರೆಯ ಕೆಳಗಿಟ್ಟ ಮೇಲೆಯೇ ಈ ಕಡೆ ತಿರುಗಿದರು. “ಓದು.”

ಗುಬ್ಬಿ ಓದಿದಳು. “ಬಲಪಕ್ಷದ ಕುದುರೆ ಸೇತುವೆ ದಾಟಿ ನುಗ್ಗಲಿ. ಎಡಪಕ್ಷ ಇದ್ದಲ್ಲೇ ಇರಲಿ.”

“ಗೊತ್ತಿತ್ತು! ನನಗೆ ಗೊತ್ತಿತ್ತು,” ಎಂದು ಮಾಮ ತೊಡೆ ತಟ್ಟಿಕೊಂಡರು. ಅವರು ಈಟಿಗಾರರನ್ನೆಲ್ಲ ಎಡಗಡೆಯಿಂದ ಕಿತ್ತು ಸೇತುವೆಯ ಕಡೆಗೆ ತರಲು ಬರೆದಿದ್ದರು. ಯಾವ ಪಡೆ ಎಷ್ಟು ದೂರ ನಡೆಯಬಹುದೆಂದು ದಾಳ ಹಾಕಿದರು. ಈಟಿಯವರು ಸೇತುವೆ ಮುಟ್ಟುವುದಕ್ಕೆ ಎರಡು ಬೆರಳು ಉಳಿದಿತ್ತು. ಅಷ್ಟರಲ್ಲಿ ಕೆಂಪು ಪಟ್ಟಿಯ ಸವಾರರು ದಾಟಿಯಾಗಿತ್ತು. ಮಾಮ ತಮ್ಮದೇ ಕೋವಿಗಾರರ ಎರಡು ತಂಡವನ್ನು ತಾವೇ ಎತ್ತಿ ಮೇಜಿನ ಅಂಚಿಗಿಟ್ಟರು. ಕಣ್ಣು ಒರೆಸಿಕೊಂಡರು. “ಹೋದ್ಮೇಲೂ ಹೊಡೀತಾನಲ್ಲಾ, ಬಡ್ಡೀಮಗ,” ಎಂದರು.

ಮಾಮ ಒಂದು ಪೆಟ್ಟಿಗೆ ಬಿಡಿಸಿ ಪೇಪರ್ ಹರಿಯಲು ಶುರುಮಾಡಿದರು. “ಇನ್ನು ಈ ಕಡೆ ಬರೆಯೋರು ಇಲ್ಲ. ಇಲ್ಲಿಗೆ ಸರಿ.”

“ನಾನು ಬರೀಲಾ?”

ಯಾರು ಮಾತಾಡಿದ್ದೆಂದು ಮಾಮ ಬಾಗಿಲ ಕಡೆ ನೋಡಿದರು. ಆಮೇಲೆ ಅವಳನ್ನು ನೋಡಿದರು. “ನಿನಗೆ ಬರುತ್ತಾ?”

“ನೋಡಿದೀನಿ.”

“ನೋಡೋದು ಬೇರೆ, ಆಡೋದು ಬೇರೆ ಮರಿ.” ಎನ್ನುತ್ತಲೇ ಅವರು ಹರಿದ ಪೇಪರನ್ನು ಕೆಳಗಿಟ್ಟು, ಚೀಟಿಯೊಂದನ್ನೂ ಪೆನ್ಸಿಲನ್ನೂ ಅವಳತ್ತ ತಳ್ಳಿದರು. “ಬರಿ, ಬರಿ. ಕೂತ್ಕೋ ಮೊದಲು.”

ಗುಬ್ಬಿ ಅಪ್ಪನ ಕುರ್ಚಿಯಲ್ಲಿ ಕೂತಳು. ಮಾಮ ಬೆನ್ನು ತಿರುಗಿಸಿದರು. ಎಡಗಡೆ ನೋಡಲೇಬೇಕಾಗಿರಲಿಲ್ಲ, ಅವಳಿಗೆ ಆಗಲೇ ಕಂಡಿತ್ತು. ಈಟಿಯವರು ಎದ್ದು ಹೋದ ಮೇಲೆ ಹಸಿರು ಎಲೆಯವರ ಫಿರಂಗಿಗಳು ಬಟ್ಟಬಯಲಿನಲ್ಲಿ ನಿಂತಿದ್ದವು. ಎದುರಿಗೆ ಎರಡು ಗೇಣು ದೂರದಲ್ಲಿ ಅವಳ ಎಡಪಕ್ಷ, ಇಪ್ಪತ್ನಾಲ್ಕು ಕುದುರೆ, ಒಂದೂ ದಣಿದಿರಲಿಲ್ಲ. ಒಂದೇ ಓಟ.

‘ಎಡಪಕ್ಷದ ಕುದುರೆ ನು’ ಎಂದು ಬರೆದಳು.

ಮಾಮನ ಬೆನ್ನು ಬಾಗಿತ್ತು. ಅಂಗಿಯ ಕಾಲರು ಕುತ್ತಿಗೆಗಿಂತ ದೊಡ್ಡದಾಗಿತ್ತು. ಇತ್ತೀಚೆಗೆ ಇಳಿದುಹೋಗಿದ್ದಾರೆ. ಬರೆಯುತ್ತ ಅವರು ಸಣ್ಣಗೆ ಗುನುಗುತ್ತಿದ್ದರು.

ಗುಬ್ಬಿ ಪೆನ್ಸಿಲಿನ ಹಿಂದಿನ ರಬ್ಬರಿನಿಂದ ಆ ಕೊನೆಯ ಅಕ್ಷರವನ್ನು ಉಜ್ಜಿದಳು. ಪುಡಿಯನ್ನು ಊದಿದಳು. ಮತ್ತೆ ಬರೆದು, ಮಡಿಸಿ, ಸೇನಾಪತಿಯ ಕೆಳಗಿಟ್ಟಳು.

ಮಾಮ ಬಿಚ್ಚಿ, ತೋಳು ಚಾಚಿ ದೂರ ಹಿಡಿದು ಓದಿದರು. “ಎಡಪಕ್ಷದ ಕುದುರೆ ಸಾಲಾಗಿ ಹೋಗಲಿ, ಪಿಸ್ತೂಲು ಹಾರಿಸಲಿ, ತಿರುಗಿ ಬರಲಿ.” ಅವರ ಮುಖ ಅರಳಿತು. “ಅಪ್ಪನ ಮಗಳೇ! ಇದು ಅವನ ಹಳೇ ಆಟ. ಅದನ್ನೇ ಕಲ್ತಿದೀಯ ನೀನು. ಇಲ್ಲಿ ನೋಡು, ನನ್ನ ಫಿರಂಗಿ ಹೇಗೆ ನಿಂತಿದೆ. ನಿಮ್ಮಪ್ಪ ಇದ್ದಿದ್ರೆ ಈಗ ಏನ್ ಮಾಡ್ತಿದ್ದ ಹೇಳು?”

“ಗೊತ್ತಿಲ್ಲ ಮಾಮ.”

“ಬಿಡ್ತಿರಲಿಲ್ಲ. ಬಾ, ಹೇಳ್ಕೊಡ್ತೀನಿ. ಇವತ್ತೇ ಪೆಟ್ಟಿಗೆ ಕಟ್ಟೋಣ, ಆದರೆ ಮೇಜಿನ ಹಲಗೆ ನನ್ನ ಅಂಗಡಿ ಮಹಡಿಗೆ ಬರಲಿ. ಭಾನುವಾರ ಭಾನುವಾರ ಬಾ. ಆಪರೇಷನ್‌ಗೆ ಮುಂಚೆ ನಾಲ್ಕು ಭಾನುವಾರ ಇದೆ. ಆಮೇಲೂ ಇರುತ್ತೆ. ನುಗ್ಗೋದು ಹೇಗೆ ಅಂತ ಅವನು ಕೊನೆಗೆ ಕಲ್ತ, ನೀನೂ ಕಲಿತೀಯ.”

“ಹೂಂ ಮಾಮ.”

ಮಾಮ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು, ಸೇತುವೆಯ ಹತ್ತಿರದ ಸವಾರರನ್ನು ಬೆರಳಿನಿಂದ ತೋರಿಸುತ್ತ, ಆ ದಿನ ಅಪ್ಪ ಏನು ಲೆಕ್ಕ ಹಾಕಿದ್ದಿರಬೇಕೆಂದು ನಿಧಾನವಾಗಿ ವಿವರಿಸತೊಡಗಿದರು. ಒಂದೆರಡು ಕಡೆ ತಪ್ಪು ಹೇಳಿದರು. ಗುಬ್ಬಿ ತಲೆಯಾಡಿಸುತ್ತ ಕೇಳಿದಳು. ಕೇಳುತ್ತಲೇ ಎಡಪಕ್ಷದ ಕುದುರೆಗಳನ್ನು ಒಂದೊಂದಾಗಿ ಮುಂದೆ ಇಟ್ಟು, ಒಂದೊಂದಾಗಿ ಎತ್ತಿ, ಮುಖ ಹಿಂದಕ್ಕೆ ಮಾಡಿ, ಮೊದಲಿನ ಸಾಲಿಗಿಂತ ಹಿಂದೆ ಇಟ್ಟಳು. ಅವು ಆರು ವಾರ ನಿಂತಿದ್ದ ಜಾಗದಲ್ಲಿ ಧೂಳು ಕೂತಿರಲಿಲ್ಲ. ಬೂದುಬಣ್ಣಕ್ಕೆ ತಿರುಗಿದ್ದ ಬಟ್ಟೆಯ ಮೇಲೆ ಇಪ್ಪತ್ನಾಲ್ಕು ಹಸಿರು ಚೌಕಗಳು ಮೂಡಿದ್ದವು, ಇನ್ನೂ ಎದುರುಗಡೆಗೇ ಸಾಲಾಗಿ.