ಪಟ್ಟೆಕಾಲಿನ ಸೊಳ್ಳೆ ಮತ್ತು ಅಕ್ಕನ ಲಿವರ್

ಡಬ್ಬಿಯ ಮೂಗು ಒಡೆದದ್ದು ಬೆಳಗ್ಗೆ ಹತ್ತು ಗಂಟೆಗೆ. ಒಡೆದವಳು ಸ್ವಂತ ಅಕ್ಕ.

ಡಬ್ಬಿ ಎಂಬ ಹೆಸರು ಅವನಿಗೆ ಕೆಲಸದಿಂದ ಅಂಟಿದ್ದು. ಯಾವುದೋ ಹಡಗು ಹತ್ತಿ ಪಟ್ಟೆಕಾಲಿನ ಪರದೇಶಿ ಸೊಳ್ಳೆಯೊಂದು ದೇಶಕ್ಕೆ ಬಂದಿಳಿದಿತ್ತು. ಅದು ಎಲ್ಲೆಲ್ಲಿ ಹರಡಿದೆ ಎಂದು ಪತ್ತೆ ಮಾಡುವುದು ಅವನ ನೌಕರಿ. ಊರೂರಿಗೆ ಜೀಪು ಓಡಿಸಿಕೊಂಡು ಹೋಗಿ, ಹಳೇ ಟೈರಿನ ಗುಜರಿಗಳಲ್ಲಿ ಕಪ್ಪು ಡಬ್ಬಿಯಿಟ್ಟು, ಅರ್ಧ ನೀರು ಹಾಕಿ, ಒಳಗೊಂದು ಒರಟು ಮರದ ಪಟ್ಟಿ ನಿಲ್ಲಿಸಿ ಬರುವನು. ವಾರ ಬಿಟ್ಟು ಹೋಗಿ ನೋಡಿದರೆ, ಸೊಳ್ಳೆಯಿದ್ದ ಕಡೆ ಪಟ್ಟಿಯ ಮೇಲೆ ಕರಿಮೆಣಸಿನ ಪುಡಿ ಉದುರಿದ ಹಾಗೆ ಮೊಟ್ಟೆ. ಮೂರು ವಾರ ಬಿಡದೆ ಸಿಕ್ಕಿತೋ, ಆ ಗುಜರಿಯೇ ಸೊಳ್ಳೆಯ ತವರು ಎಂದು ಚೀಟಿ ಬರೆಯಬೇಕು. ಮಾರನೆಯ ದಿನವೇ ಯಂತ್ರ ಬಂದು ಇದ್ದಬದ್ದ ಟೈರನ್ನೆಲ್ಲ ಅರೆದು ಪುಡಿ ಮಾಡಿ ಹೋಗುತ್ತದೆ.

ದಾರಿಯಲ್ಲಿ ಡಬ್ಬಿಗಳು ಉರುಳಬಾರದೆಂದು ಜೀಪಿನ ಹಿಂದೆ ಒಂದು ಹಳೇ ಟೈರು ಮಲಗಿಸಿ, ಅದರ ನಡುವೆ ಅವನ್ನು ಕೂರಿಸುತ್ತಿದ್ದ. ಮೊದಲ ದಿನ ಬಂದರಿನ ಗುಜರಿಯಿಂದ ಎತ್ತಿಕೊಂಡ ಟೈರು ಅದು.

ಏಳು ಊರಿನ ಏಳು ಗುಜರಿ ಅರೆಸಿದ್ದ. ಸುಮ್ಮನೆ ಆಯಿತೇ? ಬಂದರಿನವನು ಇವನ ಮೇಲೆ ಲಾರಿ ಟೈರು ಉರುಳಿಸಿದ. ಇವನು ಪಕ್ಕಕ್ಕೆ ಹಾರಿದ, ಟೈರು ಕ್ಷೌರದಂಗಡಿಗೆ ನುಗ್ಗಿ ಕೂತಿದ್ದವನೊಬ್ಬನ ಅರ್ಧ ಮೀಸೆ ಹೊತ್ತುಕೊಂಡೇ ಆಚೆ ಬಂತು. ಎರಡನೆಯ ಊರಿನ ಗೂಳಿ ಎಂಬಾತ ಇವನ ಕಿವಿ ಕಚ್ಚಿದ. ಇವನು ಸ್ಪಾನರ್ ಬೀಸಿ ಗೂಳಿಯ ಎರಡು ಹಲ್ಲು ಉದುರಿಸಿ, "ರೂಲ್ಸು ಅಂದ್ರೆ ರೂಲ್ಸು" ಅಂದು ಬಂದ.

ಎಂಟನೆಯದು ಅಕ್ಕನ ಗುಜರಿ. ಅಕ್ಕ ಒಂದು ಕೈಯಲ್ಲಿ ಲಾರಿ ಟೈರು, ಇನ್ನೊಂದರಲ್ಲಿ ಭಾವನನ್ನು ಎತ್ತಬಲ್ಲವಳು. ಎರಡು ವಾರ ಮೊಟ್ಟೆ ಸಿಕ್ಕಿತ್ತು. ಇವತ್ತು ಮೂರನೆಯ ವಾರ.

"ಇದೆಯೇನೋ?"

ಡಬ್ಬಿ ಪಟ್ಟಿಯನ್ನು ಬಿಸಿಲಿಗೆ ಹಿಡಿದ. "ಇದೆ ಅಕ್ಕ. ದಂಡಿಯಾಗಿ ಇದೆ."

"ಒರೆಸಿ ಹಾಕು."

"ಆಗಲ್ಲ."

"ನಿನ್ನ ಚಡ್ಡಿ ಒಗೆದು ಸಾಕಿದೀನಿ ಕಣೋ. ಒಂದು ಪಟ್ಟಿ ಒರೆಸೋಕಾಗಲ್ವಾ? ಈ ಗುಜರಿ ಹೋದ್ರೆ ನಾವು ಮಣ್ಣು ತಿನ್ನಬೇಕು!"

"ಏಳು ಜನರ ಹೊಟ್ಟೆ ಮೇಲೆ ಹೊಡೆದಿದೀನಿ. ನಿನ್ನ ಮಾತ್ರ ಬಿಟ್ರೆ ನಾನು ಮನುಷ್ಯನಾ?"

"ಹೌದೋ ಅಲ್ವೋ ನೋಡೇಬಿಡೋಣ!" ಅಂದವಳೇ ಟೈರು ಬಿಚ್ಚುವ ಕಬ್ಬಿಣದ ಲಿವರ್ ಬೀಸಿದಳು. ಮೂಗು ಲಟಕ್ಕೆಂದಿತು. ಇವನು ರಕ್ತ ಉಗುಳಿ ಅವಳ ಹೊಟ್ಟೆಗೆ ತಲೆಯಲ್ಲಿ ಗುದ್ದಿದ. ಗುದ್ದಿದ ತಲೆಯೇ ಗಿಮ್ಮೆಂದಿತು.

"ನಿಧಾನ ಕಣೇ, ಕಣ್ಣಿಗೆ ಬಿದ್ದೀತು!" ಎಂದ ಭಾವ, ಟೈರಿನ ರಾಶಿಯ ಮೇಲಿಂದ.

"ನೀವು ಸುಮ್ನಿರ್ರೀ!" ಅಕ್ಕ ಎಸೆದ ಸ್ಕೂಟರ್ ಟೈರು ಹೋಗಿ ಭಾವನ ಕೊರಳಿಗೆ ಹಾರದ ಹಾಗೆ ಬಿತ್ತು. ಎರಡನೆಯ ಏಟಿಗೆ ಡಬ್ಬಿಯ ಪಕ್ಕೆಲುಬು ಮುರಿಯಿತು. ಮೂರನೆಯದಕ್ಕೆ ಲಿವರ್ ಬೇಕಾಗಲಿಲ್ಲ. ಬೆಲ್ಟು ಹಿಡಿದೆತ್ತಿ ಜೀಪಿನ ಹಿಂಭಾಗಕ್ಕೆ ಎಸೆದಳು. ಹಳೇ ಟೈರಿನೊಳಗೆ ತಲೆಕೆಳಗಾಗಿ ಬಿದ್ದ.

ನೀರು ಚಿಮ್ಮಿತು.

ಒದ್ದೆ ಮುಖ ಎತ್ತಿದವನನ್ನು ನೋಡಿ ಅಕ್ಕನ ಕೈ ನಿಂತಿತು. "ಏ, ನಿನ್ನ ಮೀಸೇಲಿ ಏನೋ ಒದ್ದಾಡ್ತಿದೆ!"

ಡಬ್ಬಿ ಬೆರಳಲ್ಲಿ ತೆಗೆದು ನೋಡಿದ. ಸೊಳ್ಳೆಮರಿ. ಟೈರಿನ ಒಳಗೆ ಬಗ್ಗಿದ. ತಿಂಗಳುಗಟ್ಟಲೆ ವಾಪಸು ತಂದ ಡಬ್ಬಿಗಳಿಂದ ತುಳುಕಿದ ನೀರು ಅಲ್ಲೇ ನಿಂತು, ಮರಿಗಳು ಮಿಜಿಮಿಜಿ ಅನ್ನುತ್ತಿದ್ದವು. ಅವನೆದುರೇ ಪಟ್ಟೆಕಾಲಿನದೊಂದು ಎದ್ದು, ಆಕಳಿಸಿ, ಅಕ್ಕನ ಗುಜರಿಯತ್ತ ಹಾರಿತು.

ಬಂದರಿನದೊಂದೇ ನಿಜವಾದ ತವರು. ಉಳಿದ ಆರೂ ಊರಿಗೆ ಸೊಳ್ಳೆಯನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದವನು ತಾನೇ. ಆರು ಗುಜರಿ ಸುಮ್ಮನೆ ಪುಡಿಯಾದವು. ಮೂಗಿಗಿಂತ ಅದು ಹೆಚ್ಚು ನೋಯಿತು.

ಜೇಬಿನಿಂದ ಚೀಟಿ ತೆಗೆದು ಬರೆದ: ಸೊಳ್ಳೆಯ ತವರು, ನನ್ನ ಜೀಪು. ಅಕ್ಕನ ಗುಜರಿ, ನೀರು ಚೆಲ್ಲಿ ಒಣಗಿಸಿದರೆ ಸಾಕು.

"ನನ್ನ ಗುಜರಿ ಉಳೀತಾ?"

"ಉಳೀತು. ಇನ್ನು ಆ ಆರು ಜನರಿಗೂ ಹೇಳಬೇಕು."

"ಅಯ್ಯೋ ಹುಚ್ಚಪ್ಪ, ಕೊಂದೇ ಹಾಕ್ತಾರೆ!" ಅಕ್ಕ ಗ್ರೀಸು ಒರೆಸುವ ಬಟ್ಟೆಯಿಂದಲೇ ಅವನ ಮೂಗು ಒರೆಸಿದಳು. ಆ ಟೈರನ್ನು ಕೊಡಲಿಯಿಂದ ಹನ್ನೆರಡು ತುಂಡು ಮಾಡಿ ಬಿಸಿಲಿಗೆ ಹಾಕಿ, ಲಿವರ್ ಸಮೇತ ಜೀಪು ಹತ್ತಿದಳು.

ಮಧ್ಯಾಹ್ನ ಗೂಳಿಯ ಬಾಗಿಲಲ್ಲಿ ಜೀಪು ನಿಂತಿತು. "ನೀನು ಇಳೀಬೇಡ ಅಕ್ಕ," ಎಂದ ಡಬ್ಬಿ. "ಹೊಡೆಯೋ ಹಕ್ಕು ಅವನದು."

ಗೂಳಿ ಪೂರ್ತಿ ಕೇಳಿದ. ಕೈಯಲ್ಲಿದ್ದ ಟೀ ಲೋಟ ಮೆಲ್ಲಗೆ ಕೆಳಗಿಟ್ಟ. ಎರಡೇ ಗುದ್ದು, ಎರಡು ಹಲ್ಲು. ಜೀಪಿನಲ್ಲಿ ಅಕ್ಕ ಲಿವರ್ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು.

"ಇನ್ನೆಷ್ಟು ಜನಕ್ಕೆ ಹೇಳಬೇಕು?" ಗೂಳಿ ಕೈ ಕೊಡವಿಕೊಂಡ.

"ಐದು."

ಗೂಳಿ ಬಗ್ಗಿ ಅವನ ಬಾಯೊಳಗೆ ನೋಡಿದ. "ಹಲ್ಲು ಸಾಕಾಗುತ್ತೇನೋ?"

ಡಬ್ಬಿ ನಾಲಿಗೆಯಲ್ಲಿ ತಡಕಿ ಎಣಿಸಿದ. "ಹೇಗೋ ಎಳೆದಾಡಿದ್ರೆ ಸಾಕಾಗುತ್ತೆ," ಎಂದು ಜೀಪು ಹತ್ತಿದ.