ಅಕ್ಕ ಅಂದಿದ್ದು, ತಂಗಿ ಹಾಡಿದ್ದು

ಗುಬ್ಬಿಯ ಮೊದಲ ಹಾಡು ಬಂದದ್ದೂ ಯಾರಿಗೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಎರಡನೆಯದನ್ನು ರೇಡಿಯೋದವರೊಬ್ಬರು ಮಧ್ಯಾಹ್ನ ಊಟ ಮುಗಿಸಿ ಜನ ತೂಕಡಿಸುವ ಹೊತ್ತಿನಲ್ಲಿ ನಾಲ್ಕಾರು ಸಲ ಹಾಕಿ ಕೈಬಿಟ್ಟರು. ಮೂರನೆಯದಕ್ಕೆ ಸ್ಟುಡಿಯೋ ಸಿಕ್ಕಿದ್ದೇ ದೊಡ್ಡ ಮಾತು. "ಇದೊಂದು ನೋಡ್ಬಿಡೋಣ" ಎಂದು ಕಂಪನಿಯವರು ಹೇಳಿದ ಧಾಟಿಯಲ್ಲೇ ಇದರ ನಂತರ ಇನ್ನೊಂದು ಇಲ್ಲ ಎಂಬುದು ಅವಳಿಗೆ ಅರ್ಥವಾಗಿತ್ತು.

ಗುಬ್ಬಿ ಎಂದು ಕರೆದವಳು ಅವಳ ಅಕ್ಕ. ಹುಟ್ಟಿದಾಗ ಅಷ್ಟೇ ಇದ್ದಳಂತೆ, ಒಂದು ಹಿಡಿ. ಅಮ್ಮ ಬೇಗ ತೀರಿಕೊಂಡಿದ್ದರಿಂದ ಜಡೆ ಹಾಕಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು, ಕದ್ದು ಸಿನಿಮಾ ನೋಡಿದ್ದಕ್ಕೆ ಕಿವಿ ಹಿಂಡಿದ್ದು ಎಲ್ಲವೂ ಅಕ್ಕನೇ. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಅಕ್ಕನಿಗೆ ಕೆಲಸ. ದೊಡ್ಡ ದೊಡ್ಡ ಮಷೀನುಗಳಿಂದ ಹಾಸಿಗೆಯ ಬಟ್ಟೆಗಳು ಬಿಸಿಯಾಗಿ ಹೊರಗೆ ಬರುತ್ತಿದ್ದವು. ಇಬ್ಬಿಬ್ಬರು ಹೆಂಗಸರು ಆಚೆ ಈಚೆ ನಿಂತು, ಎಳೆದು, ಜಾಡಿಸಿ, ಮಡಚಬೇಕು. ಮಷೀನಿನ ಸದ್ದಿಗೆ ಮೀರಿ ಮಾತಾಡಿ ಮಾತಾಡಿ ಅಕ್ಕನ ಗಂಟಲು ದೊಡ್ಡದಾಗಿತ್ತು. ಮಾತಂತೂ ಅವಳ ಬಾಯಲ್ಲಿ ಅರಳು ಹುರಿದ ಹಾಗೆ ಸಿಡಿಯುತ್ತಿತ್ತು. ಹಾಡುವುದು ತಂಗಿಯಾದರೂ ಕೇಳಬೇಕಾದ್ದು ಅಕ್ಕನ ಮಾತನ್ನೇ ಎಂದು ಬಾವ ಒಂದು ಕಾಲದಲ್ಲಿ ಎಲ್ಲರೆದುರು ಹೇಳುತ್ತಿದ್ದ.

ಆ ಬಾವ ಮನೆ ಬಿಟ್ಟು ಹೋದ. ಅವನು ಲಿಫ್ಟ್ ರಿಪೇರಿ ಮಾಡುವವನು. ಬೇರೆ ಹೆಂಗಸಿನ ಸಹವಾಸವಲ್ಲ, ಕುಡಿತವಲ್ಲ, ಜಗಳವೂ ಅಲ್ಲ. "ಉಸಿರು ಕಟ್ಟಿದ ಹಾಗಾಗುತ್ತೆ, ಸ್ವಲ್ಪ ದಿನ ಒಬ್ಬನೇ ಇರ್ತೀನಿ" ಎಂದವನೇ ಸ್ನೇಹಿತನೊಬ್ಬನ ರೂಮಿಗೆ ಹೋಗಿಬಿಟ್ಟ. ಅಕ್ಕ ಆ ದಿನ ತಂಗಿಗೆ ಫೋನ್ ಮಾಡಿದಳು. ಮೊದಲು ಬೈದಳು, ಆಮೇಲೆ ನಕ್ಕಳು, ಆಮೇಲೆ ಅತ್ತಳು.

"ಊರಲ್ಲಿರೋ ಲಿಫ್ಟೆಲ್ಲ ಮೇಲೇರಿಸ್ತಾನಲ್ಲೇ ಗುಬ್ಬಿ, ನಮ್ಮನೆ ಮೆಟ್ಟಿಲು ಹತ್ತೋಕಾಗಲ್ವಂತೆ ಅವನಿಗೆ! ಉಸಿರು ಕಟ್ಟುತ್ತಂತೆ. ನಾನೇನು ಅವನ ಮೂಗು ಹಿಡ್ಕೊಂಡು ಕೂತಿದ್ನಾ? ಅರ್ಧ ಹಾಸಿಗೇಲೇ ಮಲಗ್ತೀನಿ ಕಣೇ ಇನ್ನೂ. ಅವನ ಕಡೆ ಹೊರಳೋಕೆ ಭಯ. ತಣ್ಣಗಿರುತ್ತೆ ಆ ಕಡೆ."

ಗುಬ್ಬಿಯೂ ಅತ್ತಳು. ಅದು ಸುಳ್ಳು ಅಳುವಲ್ಲ. ಆದರೆ ಫೋನಿಟ್ಟ ಮೇಲೆ "ತಣ್ಣಗಿರುತ್ತೆ ಆ ಕಡೆ" ಎಂಬುದು ಕಿವಿಯಲ್ಲಿ ಹಾಗೇ ಉಳಿಯಿತು. ಪಾತ್ರೆ ತೊಳೆಯುವಾಗ ಅದಕ್ಕೊಂದು ಎಳೆತ ಬಂತು. ಸ್ನಾನ ಮಾಡುವಾಗ ರಾಗ ಬಂತು.

ಸ್ಟುಡಿಯೋದಲ್ಲಿ ಸಂಗೀತ ಕೂಡಿಸುವವನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಯಾರಿಗೂ ಅವನು ಏನೂ ಕಲಿಸಿದ್ದಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನೋಡುತ್ತಿದ್ದನೆಂದು ಆ ಹೆಸರು. ಕಂಪನಿ ಕೊಟ್ಟಿದ್ದ ಹಾಡನ್ನು ಗುಬ್ಬಿ ಎರಡು ದಿನ ಹಾಡಿದಳು. ಮೇಷ್ಟ್ರು ಆಕಳಿಸಿದ.

"ನಿನ್ನ ಗಂಟಲಲ್ಲಿ ಏನೂ ಕೊರತೆಯಿಲ್ಲ ಕಣಮ್ಮ. ಆದ್ರೆ ನೀನು ಹಾಡ್ತಿದ್ರೆ ನಂಗೆ ತರಕಾರಿ ತರೋದು ನೆನಪಾಗುತ್ತೆ. ನಿನ್ನದೇ ಅಂತ ಏನೂ ಇಲ್ವಾ?"

ಗುಬ್ಬಿ ಹಿಂದೆ ಮುಂದೆ ನೋಡಿದಳು. ನಂತರ ಗಾಜಿನ ಆಚೆ ಮೈಕಿನೆದುರು ನಿಂತು, ವಾದ್ಯವಿಲ್ಲದೆ, ಅಕ್ಕನ ಮಾತನ್ನು ಹಾಡಿದಳು.

*ಊರ ಲಿಫ್ಟೆಲ್ಲ ಮೇಲೇರಿಸುವೆ,*
*ನಮ್ಮನೆ ಮೆಟ್ಟಿಲು ಹತ್ತಲಾರೆಯಾ?*
*ಅರ್ಧ ಹಾಸಿಗೆ ನನ್ನದು ಇನ್ನೂ,*
*ತಣ್ಣಗಿದೆ ಆ ಕಡೆ, ತಣ್ಣಗಿದೆ.*

ಮೇಷ್ಟ್ರು ಕನ್ನಡಕ ತೆಗೆದ. ಹಾಗೆ ಅವನು ತೆಗೆದದ್ದನ್ನು ಯಾರೂ ನೋಡಿರಲಿಲ್ಲ.

ಲಿಫ್ಟ್ ಎಂದರೆ ಗುರುತು ಸಿಕ್ಕಿಬಿಡುತ್ತದೆ ಎಂದು ಗುಬ್ಬಿಗೆ ಆಗಲೇ ಹೊಳೆದಿತ್ತು. ಆದ್ದರಿಂದ ಅದು ಅಕ್ಕನ ಮಾತೆಂದು ಮೇಷ್ಟ್ರಿಗೆ ಹೇಳಿ, ಒಂದು ಸಲ ಲಿಫ್ಟನ್ನು ದೋಣಿ ಮಾಡಿ ಹಾಡಿದಳು. 'ಊರ ದೋಣಿಯೆಲ್ಲ ದಡ ಸೇರಿಸುವೆ.' ಇಬ್ಬರೂ ಕೂತು ಕೇಳಿದರು. ಕೇಳುತ್ತಿದ್ದಂತೆ ಹಾಡು ಸಪ್ಪೆಯಾಯಿತು. ಯಾವುದೋ ಹಳೆಯ ಕಾಲದ ಯಾರದೋ ದೋಣಿ. ಮೇಷ್ಟ್ರು ಏನೂ ಹೇಳಲಿಲ್ಲ. ಅವನು ಬಲವಂತ ಮಾಡಿದ್ದರೆ ಮುಂದೆ ಅವನ ಮೇಲೆ ಹೊರಿಸಲಾದರೂ ಬರುತ್ತಿತ್ತು. ಹೇಳಿದವಳು ಗುಬ್ಬಿಯೇ.

"ಲಿಫ್ಟೇ ಇರ್ಲಿ."

ಹಾಡು ಹೊರಗೆ ಬರುವ ಮುಂಚೆ ಅಕ್ಕನಿಗೆ ಹೇಳಿಬಿಡಬೇಕು ಅಂದುಕೊಂಡಳು. ಫೋನ್ ಮಾಡಿದಾಗೆಲ್ಲ ಮಾತು ನಾಲಿಗೆ ತುದಿಗೆ ಬಂದು ವಾಪಸ್ಸಾಯಿತು. ಇದೂ ಮೊದಲೆರಡರ ಹಾಗೆ ಬಿದ್ದುಹೋದರೆ ಹೇಳುವ ಅಗತ್ಯವಾದರೂ ಏನು ಎಂದು ಸಮಾಧಾನ ಮಾಡಿಕೊಂಡಳು. ತನ್ನ ಹಾಡು ಸೋಲಲಿ ಎಂಬ ಆಸೆಯೂ ಗೆಲ್ಲಲಿ ಎಂಬ ಆಸೆಯೂ ಒಟ್ಟಿಗೆ ಹೊಟ್ಟೆಯಲ್ಲಿ ಕೂತಿದ್ದವು. ಎರಡರಲ್ಲಿ ಯಾವುದು ದೊಡ್ಡದು ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಹಾಡು ಗೆದ್ದಿತು. ವಾರದ ಪಟ್ಟಿಯಲ್ಲಿ ಎಲ್ಲೋ ತಳದಲ್ಲಿ ಕಾಣಿಸಿಕೊಂಡು, ಮುಂದಿನ ವಾರ ಅರ್ಧಕ್ಕೆ ಬಂದು, ತಿಂಗಳು ತುಂಬುವುದರೊಳಗೆ ನೆತ್ತಿಯ ಮೇಲೆ ಹೋಗಿ ಕೂತಿತು. ಕೆಳಗಿಳಿಯಲೇ ಇಲ್ಲ. ಬಸ್ಸಿನಲ್ಲಿ ಅದೇ, ಕ್ಷೌರದಂಗಡಿಯಲ್ಲಿ ಅದೇ, ಮದುವೆ ಮನೆಯಲ್ಲೂ ಅದೇ. ಗಂಡ ಬಿಟ್ಟುಹೋದ ಹಾಡಿಗೆ ಮದುಮಗಳು ಕುಣಿದಳು. ಗಾಯಕಿಯ ಹೆಸರೇನೆಂದು ಜನ ಕೇಳತೊಡಗಿದಾಗ ಕಂಪನಿ, ಮನೆಯಲ್ಲಿ ಕರೆಯುವ ಹೆಸರನ್ನೇ ದೊಡ್ಡಕ್ಷರದಲ್ಲಿ ಹಾಕಿತು: ಗುಬ್ಬಿ.

ಮೊದಲ ಸ್ಥಾನಕ್ಕೆ ಬಂದ ವಾರ ಅಕ್ಕನಿಂದ ಫೋನ್ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಗುಬ್ಬಿಯೇ ಹೊರಟಳು.

ಅಕ್ಕ ಬಾಗಿಲು ತೆಗೆದಳು. ಮುಖ ಗಂಟಿಕ್ಕಿರಲಿಲ್ಲ, ಅದೇ ಗುಬ್ಬಿಗೆ ಹೆದರಿಕೆ ಹುಟ್ಟಿಸಿತು. ಟೀ ಮಾಡಿ ಎದುರಿಗಿಟ್ಟು ಕೂತಳು.

"ಕೆಲಸದ ಕಡೆ ರೇಡಿಯೋದಲ್ಲಿ ಬಂತು," ಎಂದಳು ಅಕ್ಕ. "ಎದುರಿಗೆ ಬಟ್ಟೆ ಹಿಡ್ಕೊಂಡಿದ್ದ ಹುಡುಗಿ ಜೊತೆಗೇ ಗುನುಗ್ತಿದ್ಲು. 'ಅಯ್ಯೋ, ಯಾರ ಮನೆ ಕತೆನೋ ಪಾಪ' ಅಂದ್ಲು. ನಾನು ಹೌದಮ್ಮ ಅಂದೆ. ಎರಡೇ ದಿನಕ್ಕೆ ಅವ್ರಿಗೆಲ್ಲ ಗೊತ್ತಾಯ್ತು. ಈಗ ನಾನು ಬಂದ್ರೆ ರೇಡಿಯೋ ಆರಿಸ್ತಾರೆ. ಅದು ಇನ್ನೂ ಕಷ್ಟ."

"ಅಕ್ಕ, ನಿನ್ನ ಹೆಸರು ಎಲ್ಲೂ ಬರ್ಲಿಲ್ಲ..."

"ಲಿಫ್ಟ್ ಬಂತಲ್ಲ."

ಗುಬ್ಬಿ ಲೋಟವನ್ನು ಸುಮ್ಮನೆ ತಿರುಗಿಸಿದಳು.

"ನಿಮ್ಮ ಬಾವ ಭಾನುವಾರ ಭಾನುವಾರ ಬರೋಕೆ ಶುರು ಮಾಡಿದ್ದ. ನಿಂಗೆ ಹೇಳಿರ್ಲಿಲ್ಲ, ದೃಷ್ಟಿ ತಾಗೀತು ಅಂತ. ಮೊದಮೊದ್ಲು ಬಾಗಿಲಲ್ಲೇ ನಿಂತು ಮಾತಾಡ್ತಿದ್ದ. ಆಮೇಲೆ ಒಳಗೆ ಬಂದು ಊಟ ಮಾಡ್ದ. ಒಂದಿನ ಅವನ ಸಾಮಾನಿನ ಚೀಲ ಇಲ್ಲೇ ಬಿಟ್ಟು ಹೋದ. ಮರೆತದ್ದಲ್ಲ ಕಣೇ, ಬೇಕು ಅಂತಲೇ ಬಿಟ್ಟಿದ್ದು. ಅದನ್ನ ಅವನು ಯಾವತ್ತೂ ಕೈಬಿಟ್ಟವನಲ್ಲ. ನಂಗೆ ಎಷ್ಟು ಸಂತೋಷ ಆಯ್ತು ಅಂದ್ರೆ, ಆ ಚೀಲ ಎತ್ತಿಡೋಕೂ ಮನಸ್ಸು ಬರ್ಲಿಲ್ಲ."

ಅಕ್ಕ ಚೀಲವಿದ್ದ ಮೂಲೆಯ ಕಡೆ ನೋಡಿದಳು.

"ಹಾಡು ಬಂತು. ಯಾವುದೋ ದೊಡ್ಡ ಕಟ್ಟಡದಲ್ಲಿ ಲಿಫ್ಟ್ ಸಿಕ್ಕಿಹಾಕ್ಕೊಂಡಿತ್ತಂತೆ. ಇವನು ಹೋಗಿ ಬಾಗಿಲು ತೆಗೆದ್ರೆ, ಒಳಗಿದ್ದವರೆಲ್ಲ ಇವನ ಮುಖ ನೋಡಿ ಒಟ್ಟಿಗೇ ಹಾಡಿದ್ರಂತೆ. ತಮಾಷೆಗೆ. ಅವ್ರಿಗೇನು ಗೊತ್ತು ಅದು ಇವನೇ ಅಂತ. ಹೋದಲ್ಲೆಲ್ಲ ಅದೇ ಆಯ್ತು. ಜೊತೆ ಕೆಲಸದವರು ಅವನ ಹೆಸರೇ ಬಿಟ್ರು, 'ಆ ಕಡೆ' ಅಂತಾನೇ ಕರೆಯೋದು. ಹೋದ ವಾರ ಬಂದು ಚೀಲ ತಗೊಂಡ. ಜಗಳ ಆಡ್ಲಿಲ್ಲ. 'ನನ್ನ ಹಾಸಿಗೆ ವಿಷಯ ಬೀದಿಗೆ ಬಂತಲ್ಲ' ಅಂದ, ಅಷ್ಟೇ. ದೂರದ ಊರಿಗೆ ಕೆಲಸ ಹಾಕಿಸ್ಕೊಂಡು ಹೋದ."

"ನಂಗೆ ಗೊತ್ತಿರ್ಲಿಲ್ಲ ಅಕ್ಕ. ಆಣೆ."

"ಗೊತ್ತಿದ್ರೆ ಹಾಡ್ತಿರ್ಲಿಲ್ವಾ?"

ಗುಬ್ಬಿಯ ಬಾಯಿಗೆ ಇಲ್ಲ ಎಂಬ ಮಾತು ತಕ್ಷಣ ಬರಲಿಲ್ಲ. ಆ ತಡವನ್ನು ಅಕ್ಕ ನೋಡಿದಳು.

"ತುಂಬಾ ಚೆನ್ನಾಗಿ ಹಾಡಿದೀಯ," ಎಂದಳು ಅಕ್ಕ. "ಅದೇ ನಂಗೆ ಹೊಟ್ಟೆ ಉರಿಯೋದು. ಕೆಟ್ಟದಾಗಿ ಹಾಡಿದ್ರೆ ಯಾರೂ ಕೇಳ್ತಾನೇ ಇರ್ಲಿಲ್ಲ."

ಮುಂದಿನ ಒಂದು ವರ್ಷ ಗುಬ್ಬಿ ನೆಲದ ಮೇಲೆ ಕಾಲಿಡಲಿಲ್ಲ. ಇವತ್ತು ಈ ಊರು, ನಾಳೆ ಆ ಊರು. ವೇದಿಕೆಯ ಮೇಲೆ ಅವಳು ಬಾಯಿ ತೆರೆಯುವ ಮೊದಲೇ ಜನ ಹಾಡು ಮುಗಿಸುತ್ತಿದ್ದರು. ಪ್ರಶಸ್ತಿ ಬಂತು. ಸಂದರ್ಶನಗಳಲ್ಲಿ, "ಇಷ್ಟು ನೋವು ಎಲ್ಲಿಂದ ತಂದ್ರಿ?" ಎಂದು ಕೇಳುತ್ತಿದ್ದರು. ಮೊದಮೊದಲು ತಡವರಿಸುತ್ತಿದ್ದಳು. ಆಮೇಲೆ "ಜೀವನದಿಂದ" ಎಂದು ನಗುವುದನ್ನು ಕಲಿತಳು. ಯಾರ ಜೀವನ ಎಂದು ಒಬ್ಬರೂ ಕೇಳಲಿಲ್ಲ.

ವರ್ಷ ಕಳೆದ ಮೇಲೆ ಕಂಪನಿಗೆ ಮತ್ತೊಂದು ಅಂಥದ್ದೇ ಬೇಕಾಯಿತು. ಗುಬ್ಬಿ ತಾನೇ ಬರೆದಳು, ಹರಿದಳು, ಬರೆದಳು. ದೊಡ್ಡ ಹೋಟೆಲಿನ ರೂಮಿನಲ್ಲಿ ಕೂತವಳಿಗೆ ಹೇಳಲು ಏನಿದೆ? ಮೇಷ್ಟ್ರು ಕೇಳಿ ಕನ್ನಡಕ ಮೂಗಿನ ತುದಿಗಿಳಿಸಿದ.

"ನಿಮ್ಮಕ್ಕ ಈಗೀಗ ಏನಂತಾರಮ್ಮ?"

ಗುಬ್ಬಿ ಸಿಟ್ಟಿನಿಂದ ಎದ್ದು ಹೊರಗೆ ನಡೆದಳು. ಆದರೆ ಭಾನುವಾರ ಬಂದಾಗ ಅಕ್ಕನ ಮನೆಯ ಮೆಟ್ಟಿಲು ಹತ್ತಿದ್ದೂ ಅವಳೇ. ಅಕ್ಕನ ಜೊತೆ ಮಾತು ಬಿಟ್ಟು ಎಷ್ಟು ದಿನವಾಯಿತು, ರಾಜಿಯಾಗೋಣ ಎಂದುಕೊಂಡೇ ಹೋದಳು. ಅದು ನಿಜವೇ ಆಗಿತ್ತು. ಅದೊಂದೇ ನಿಜವಾಗಿರಲಿಲ್ಲ.

ಅಕ್ಕ ಬಾ ಎಂದಳು, ಕೂರಿಸಿದಳು. ಹೊತ್ತು ಹೋದ ಹಾಗೆ ಸ್ವಲ್ಪ ಸಡಿಲವಾದಳು. ರಕ್ತ ಬಿಟ್ಟುಕೊಡುತ್ತದೆಯೇ? ತಂಗಿ ಸೊರಗಿದ್ದಾಳೆ ಎಂದು ಬೈದು ಬಡಿಸಿದಳು. ತಾನೂ ತಟ್ಟೆ ಹಾಕಿಕೊಂಡು ಕೂತು, ಕೆಲಸದ ಕಡೆ ಯಾರೋ ಔಷಧಿ ಚೆಲ್ಲಿದ ಕತೆ ಹೇಳಿ ನಗಿಸಿದಳು. ಆಮೇಲೆ, ನಗು ಮುಗಿಯುತ್ತಿದ್ದಂತೆ, ಯಾಕೋ ದನಿ ಇಳಿಯಿತು.

"ಈಗ ಹಾಸಿಗೆ ಪೂರ್ತಿ ನಂದೇ ಮಾಡ್ಕೊಂಡಿದೀನಿ ಕಣೇ. ಮಧ್ಯದಲ್ಲೇ ಮಲಗ್ತೀನಿ. ಆದ್ರೂ ನೋಡು, ಬೆಳಿಗ್ಗೆ ಎದ್ದಾಗ ಅಂಚಿಗೇ ಬಂದಿರ್ತೀನಿ. ಯಾರಿಗೆ ಜಾಗ ಬಿಡ್ತೀನೋ ನಿದ್ದೇಲಿ..."

ಅಕ್ಕ ಅಲ್ಲಿಗೇ ನಿಲ್ಲಿಸಿದಳು. ಅವಳ ಕಣ್ಣು ತಂಗಿಯ ಮೊಣಕಾಲಿನ ಮೇಲಿತ್ತು. ಗುಬ್ಬಿಯೂ ಕೆಳಗೆ ನೋಡಿದಳು. ತನ್ನ ಎಡಗೈಯ ಬೆರಳುಗಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದವು. ಯಾರಿಗೆ ಜಾಗ ಬಿಡುವೆ, ಯಾರಿಗೆ ಜಾಗ ಬಿಡುವೆ. ಅವಳು ಹಾಕಿರಲಿಲ್ಲ, ಅವು ತಾವಾಗಿಯೇ ಹಾಕುತ್ತಿದ್ದವು. ಬೆರಳು ಮುಚ್ಚಿ ಮುಷ್ಟಿ ಮಾಡಿದಳು. ಹೊತ್ತು ಮೀರಿತ್ತು.

"ಅಕ್ಕ, ನಾನು ಅದಕ್ಕಲ್ಲ..."

"ಗೊತ್ತು ಗೊತ್ತು," ಎಂದಳು ಅಕ್ಕ, ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ. "ನಿಂದು ಅದು ಕಸುಬು. ತಪ್ಪು ನಂದೇ, ಬಾಯಿ ತೆಗೆದೆ." ಆಮೇಲೆ ನಲ್ಲಿ ನೀರಿನ ವಿಷಯ ಮಾತಾಡಿದಳು. ಕೆಳಗಿನ ಮನೆಯವರು ಬಣ್ಣ ಹೊಡೆಸುತ್ತಿರುವ ವಿಷಯ ಮಾತಾಡಿದಳು. ಹೊರಡುವಾಗ ಬಾಗಿಲತನಕ ಬಂದು, ನಿಧಾನ ಹೋಗು ಎಂದಳು.

ಆ ಸಾಲನ್ನು ಗುಬ್ಬಿ ಹಾಡಲಿಲ್ಲ. ಅಷ್ಟು ಮಾತ್ರ ಹೇಳಬಹುದು. ಮುಂದಿನ ಹಾಡನ್ನು ಕಂಪನಿಯೇ ಯಾರ್ಯಾರಿಂದಲೋ ಬರೆಸಿತು. ವಿರಹ, ಬೆಳದಿಂಗಳು, ಕಣ್ಣೀರು, ಎಲ್ಲವೂ ಅಳತೆಗೆ ಸರಿಯಾಗಿ ಇದ್ದವು. ಪಟ್ಟಿಯ ತಳದಲ್ಲಿ ಒಂದು ವಾರ ಕಾಣಿಸಿಕೊಂಡು ಮಾಯವಾಯಿತು. ಅದರ ನಂತರದ್ದನ್ನು ಕೇಳುವವರೇ ಇರಲಿಲ್ಲ. ಮೇಷ್ಟ್ರಿಗೆ ಇನ್ನೊಬ್ಬ ಹುಡುಗಿ ಸಿಕ್ಕಳು. ಗುಬ್ಬಿ ಅಂಗಡಿ ಉದ್ಘಾಟನೆಗಳಲ್ಲಿ, ಕಂಪನಿಗಳ ಪಾರ್ಟಿಗಳಲ್ಲಿ ಹಾಡುತ್ತಾಳೆ. ಎಲ್ಲಿ ಹೋದರೂ ಕೇಳುವುದು ಒಂದೇ ಹಾಡು. ಬೇರೆಯದನ್ನು ಶುರು ಮಾಡಿದರೆ ಜನ ಫೋನ್ ನೋಡಿಕೊಳ್ಳುತ್ತಾರೆ.

ಹೋದ ಬೇಸಿಗೆಯಲ್ಲಿ ಔಷಧದಂಗಡಿಯ ಮುಂದೆ ಒಬ್ಬ ಹೆಂಗಸು ತಡೆದು, ಜೊತೆಗೊಂದು ಫೋಟೋ ತೆಗೆಸಿಕೊಂಡು, "ಅಂದ ಹಾಗೆ, ನಿಮ್ಮಕ್ಕ ಹುಷಾರಾದ್ರಾ? ಆಪರೇಷನ್ ಆಯ್ತಲ್ಲ, ನಾನು ಅವ್ರ ಜೊತೇಲೇ ಕೆಲಸ ಮಾಡೋದು" ಎಂದಳು. ಗುಬ್ಬಿ, "ಹೂಂ, ಈಗ ಪರವಾಗಿಲ್ಲ" ಎಂದಳು. ಆಪರೇಷನ್ ಆದದ್ದೇ ಅವಳಿಗೆ ಗೊತ್ತಿರಲಿಲ್ಲ.

ನೇರ ಅಕ್ಕನ ಮನೆಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಅಕ್ಕನ ದೊಡ್ಡ ಗಂಟಲು ಕೇಳಿಸಿತು. ಡಾಕ್ಟರನ್ನು ಅಣಕಿಸುತ್ತ, ಹೊಲಿಗೆ ಹಾಕಿದ್ದನ್ನು ದಿಂಬಿಗೆ ಹೋಲಿಸುತ್ತ, ಮಧ್ಯೆ ನೋವಿಗೆ ಅಯ್ಯಪ್ಪಾ ಎನ್ನುತ್ತ, ಮತ್ತೆ ನಗುತ್ತ ಏನೋ ಹೇಳುತ್ತಿದ್ದಳು. ನೋಡಲು ಬಂದಿದ್ದ ಇಬ್ಬರು ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಗುಬ್ಬಿ ಮೆಟ್ಟಿಲ ಮೇಲೇ ನಿಂತು ಕೇಳಿದಳು. ಎಷ್ಟೋ ಕಾಲವಾಗಿತ್ತು ಆ ಮಾತು ಕೇಳಿ. ಒಳಗೆ ಕಾಲಿಟ್ಟರೆ ಅದು ನಿಲ್ಲುತ್ತದೆ ಎಂದು ಗೊತ್ತಿತ್ತು. ಕದ್ದು ಕೇಳುತ್ತ ನಿಲ್ಲುವುದಕ್ಕೂ ಮನಸ್ಸು ಒಪ್ಪಲಿಲ್ಲ. ಬಾಗಿಲು ತಳ್ಳಿದಳು.

ಅಕ್ಕ ತಿರುಗಿ ನೋಡಿದಳು. ಹೇಳುತ್ತಿದ್ದುದನ್ನು ಅರ್ಧಕ್ಕೆ ಬಿಟ್ಟು, ಹೊದಿಕೆ ಸರಿಮಾಡಿಕೊಂಡಳು.

"ಬಾ ಗುಬ್ಬಿ, ಕೂತ್ಕೋ," ಎಂದಳು. "ಹೊರಗೆ ಬಿಸಿಲು ಜಾಸ್ತಿ ಅಲ್ವಾ?"

"ಹೂಂ ಅಕ್ಕ," ಎಂದಳು ಗುಬ್ಬಿ. "ಜಾಸ್ತಿ."