ಮೂರನೆಯ ಸಾಲು

ಚಾದರದ ಒಂದು ತುದಿಯನ್ನು ಕಿಟಕಿಯ ಕಂಬಿಗೆ ಕಟ್ಟಿ, ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿದ್ದಳು ಮಡಿಕೆಯಮ್ಮ. ಜೋಡಿಮಂಚದ ಚಾದರ ಮಡಿಸುವುದು ಇಬ್ಬರ ಕೆಲಸ. ಒಬ್ಬಳೇ ಮಾಡಿ ಮಾಡಿ ಕಂಬಿಯನ್ನೇ ಜೊತೆಗಾತಿ ಮಾಡಿಕೊಂಡಿದ್ದಳು. ಲಾಡ್ಜುಗಳ ಬಟ್ಟೆ ಒಗೆದು ಕೊಡುವ ಅವಳಿಗೆ ಆ ಹೆಸರಿಟ್ಟವರು ಅಲ್ಲಿಯ ರೂಮ್‌ಬಾಯ್‌ಗಳು. ಅವಳು ಹಾಕಿದ ಮಡಿಕೆಯ ಗೆರೆಗೆ ಬೆರಳು ತಾಗಿದರೆ ರಕ್ತ ಬರುತ್ತದೆ ಅಂತ ನಗಾಡುತ್ತಿದ್ದರು.

ಬಾಗಿಲಲ್ಲಿ ನೆರಳು ಬಿತ್ತು. ಲಾಡ್ಜಿನ ವ್ಯಾನು ಇಷ್ಟು ಬೇಗ ಬಂತೇ ಎಂದು ತಿರುಗಿದರೆ, ಹೆಗಲಿಗೆ ಚೀಲ ಹಾಕಿಕೊಂಡ ಹೆಂಗಸು. ಗಲ್ಲದಲ್ಲಿ ಗುಳಿ. ಆ ಗುಳಿ ಅಕ್ಕನದು. ಎಷ್ಟು ಜನರ ನಡುವೆ ನಿಲ್ಲಿಸಿದರೂ ಮಡಿಕೆಯಮ್ಮ ಅದನ್ನು ಗುರುತು ಹಿಡಿಯಬಲ್ಲಳು.

"ಚಿಕ್ಕಮ್ಮ, ನಾನು."

"ಗೊತ್ತಾಯ್ತು. ಚಪ್ಪಲಿ ಅಲ್ಲೇ ಬಿಡು, ಒಗೆದ ಬಟ್ಟೆ ಇದೆ."

ಅಕ್ಕನ ಮಗಳು ಒಳಗೆ ಬಂದವಳೇ ಚೀಲ ಇಳಿಸಿ, ಕಂಬಿಗೆ ಕಟ್ಟಿದ್ದ ಗಂಟು ಬಿಚ್ಚಿದಳು.

"ಬಿಡೇ. ನನಗೆ ಕಂಬಿ ಸಾಕು."

"ಕಂಬಿಗೆ ನಡೆಯೋಕೆ ಬರಲ್ವಲ್ಲ ಚಿಕ್ಕಮ್ಮ," ಎಂದು ಅವಳು ತುದಿ ಹಿಡಿದು ಮುಂದೆ ಬಂದಳು. ಮೂಲೆಗೆ ಮೂಲೆ ಸೇರಿತು. ಇಬ್ಬರ ಬೆರಳೂ ತಾಗಿದವು. ಮಡಿಕೆಯಮ್ಮ ಬೇಗ ಹಿಂದೆ ಸರಿದಳು.

ಕಪಾಟಿನ ಮೇಲೆ ಕ್ಲಿಪ್ಪು ತುಂಬಿದ ತಗಡಿನ ಡಬ್ಬಿ ಇತ್ತು. ಮೇಲೆ ಬಿಸ್ಕತ್ತು ಕಚ್ಚಿ ನಗುವ ಮಗುವಿನ ಚಿತ್ರ. ಒಂದು ಕಣ್ಣನ್ನು ತುಕ್ಕು ತಿಂದಿತ್ತು. ಅಕ್ಕನ ಮಗಳ ದೃಷ್ಟಿ ಅಲ್ಲಿಗೆ ಹೋಯಿತು.

"ಅಮ್ಮ ಕಳಿಸಿದ ಡಬ್ಬಿ ಇನ್ನೂ ಇಟ್ಕೊಂಡಿದೀರ?"

"ಬಿಸ್ಕತ್ತು ಬೀದಿನಾಯಿಗೆ ಹಾಕ್ದೆ. ಡಬ್ಬಿ ಏನು ತಪ್ಪು ಮಾಡಿತ್ತು?"

ಆ ಬಿಸ್ಕತ್ತಿನ ಹಾಡು ಗೊತ್ತಿಲ್ಲದವರು ಆಗ ಯಾರಿದ್ದರು? ರೇಡಿಯೋದಲ್ಲಿ ಬೆಳಿಗ್ಗೆ ವಾರ್ತೆಗೆ ಮುಂಚೆ, ಸಂಜೆ ವಾರ್ತೆಗೆ ಮುಂಚೆ, ಸಿನಿಮಾ ಟಾಕೀಸಿನಲ್ಲಿ ಇಂಟರ್‌ವೆಲ್ ಬಿಟ್ಟಾಗ. ಮಕ್ಕಳು ಅದನ್ನೇ ಹಾಡಿಕೊಂಡು ಹಗ್ಗ ಹಾರುತ್ತಿದ್ದರು.

*ಬಾಗಿಲು ತೆರೆಯಿತು, ಡಬ್ಬಿಯೂ ತೆರೆಯಿತು,*
*ಬಾಯಿಗೆ ಬಂತು ಬಿಸ್ಕತ್ತು ಕಂದ,*
*ಹಾಲಲಿ ಅದ್ದು, ಎರಡು ಸಲ ಅದ್ದು,*
*ಮೂರನೆ ಸಲಕೆ ಇನ್ನೊಂದು!*

ಹಾಡಿದವಳು ಅಕ್ಕ. ಬೀದಿಯವರು ಅವಳನ್ನು ಬಿಸ್ಕತ್ತಕ್ಕ ಎಂದು ಕರೆದರು, ಅವಳೂ ಓಗೊಟ್ಟಳು. ಆದರೆ ರಾಗ ಅಕ್ಕನದಲ್ಲ. ಆ ರಾಗದಲ್ಲಿ ಇವರಿಬ್ಬರನ್ನೂ ಮಲಗಿಸುತ್ತಿದ್ದವಳು ಇವರ ಅಮ್ಮ. ಆ ಜೋಗುಳದ ಮಾತು ಬೇರೆ, ಅದನ್ನೂ ಅಮ್ಮನೇ ಕಟ್ಟಿದ್ದು. ಅಮ್ಮ ತೀರಿಕೊಂಡು ವರ್ಷ ತುಂಬುವ ಮೊದಲೇ ಅಕ್ಕ ಆ ರಾಗವನ್ನು ಬಿಸ್ಕತ್ತಿನ ಜಾಹೀರಾತಿಗೆಂದು ಸ್ಟುಡಿಯೋಕ್ಕೆ ಒಯ್ದಳು. ತಂಗಿಯನ್ನು ಒಂದು ಮಾತು ಕೇಳಲಿಲ್ಲ. ಲಾಡ್ಜಿನ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ರೇಡಿಯೋದಿಂದ ಅದು ಕಿವಿಗೆ ಬಿದ್ದಿತ್ತು. "ಅಮ್ಮನನ್ನ ಡಬ್ಬಿಗೆ ತುಂಬಿ ಮಾರಿದೆ," ಎಂದು ಹೋಗಿ ಹೇಳಿ ಬಂದವಳು ಮತ್ತೆ ಆ ಹೊಸಿಲು ತುಳಿಯಲಿಲ್ಲ.

"ಅಮ್ಮ ಬರೆದ ಕಾಗದ ಬಂತಾ?" ಅಕ್ಕನ ಮಗಳು ಮುಂದಿನ ಚಾದರ ಕೊಡವಿದಳು.

"ಬಂತು. ಯಾವತ್ತೋ."

"ಉತ್ತರ ಬರೀಲಿಲ್ಲ."

"ಜೋಗುಳದ ಮಾತು ಮರೆತುಹೋಗಿದೆ ಕಳಿಸು ಅಂತ ಬರೆದಿದ್ಲು. ಮಾರೋವಾಗ ನೆನಪಿತ್ತಲ್ಲ."

ಚಾದರ ಇಬ್ಬರ ನಡುವೆ ಬಿಗಿಯಾಗಿ ನಿಂತಿತು. ಯಾರೂ ಮುಂದೆ ಬರಲಿಲ್ಲ.

"ಗುರುವಾರ ಆಪರೇಷನ್ನು," ಎಂದಳು ಅಕ್ಕನ ಮಗಳು. "ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆ ತೆಗೀತಾರಂತೆ. ಆಮೇಲೆ ಹಾಡೋದಿರಲಿ, ನೀರು ಕೊಡು ಅನ್ನೋಕೂ ಚೀಟಿ ಬರೀಬೇಕು. ಅದಕ್ಕೆ ಮುಂಚೆ ಅಜ್ಜಿ ಹಾಡು ಒಂದ್ಸಲ ಸರಿಯಾಗಿ ಹಾಡ್ಬೇಕಂತೆ. ಬಾಯಿ ತೆಗೆದ್ರೆ ಬಿಸ್ಕತ್ತೇ ಬರುತ್ತೆ ಚಿಕ್ಕಮ್ಮ. ರಾತ್ರಿಯೆಲ್ಲ ಎದ್ದು ಕೂತಿರ್ತಾಳೆ."

ಮಡಿಕೆಯಮ್ಮನ ಹಿಡಿತ ಸಡಿಲಾಯಿತು. ಚಾದರದ ಹೊಟ್ಟೆ ನೆಲಕ್ಕೆ ತಾಗಿತು. ಒಗೆದ ಬಟ್ಟೆ ನೆಲಕ್ಕೆ ತಾಗಿದ್ದನ್ನು ಅವಳು ನೋಡಲೂ ಇಲ್ಲ.

"ನೀವು ಅವಳ ಹತ್ರ ಮಾತಾಡೋದು ಬೇಡ. ಮುಖ ನೋಡೋದೂ ಬೇಡ. ಇದರಲ್ಲಿ ಹಾಡಿ ಸಾಕು." ಮೊಬೈಲು ತೆಗೆದು ಮಡಿಸಿದ ಚಾದರಗಳ ಮೇಲೆ ಇಟ್ಟಳು.

ಮಡಿಕೆಯಮ್ಮ ಅದನ್ನೇ ನೋಡಿದಳು. ಅಕ್ಕ ಮಾರಿಕೊಂಡಳು, ನಾನು ಉಳಿಸಿಕೊಂಡೆ: ಈ ಒಂದು ಹೆಮ್ಮೆಯ ಮೇಲೆ ಇಷ್ಟು ವರ್ಷ ತಲೆ ಎತ್ತಿ ನಡೆದಿದ್ದಳು. ಯಾರ ಮುಂದೆಯೂ ಹಾಡಿರಲಿಲ್ಲ. ಒಬ್ಬಳೇ ಇದ್ದಾಗಲೂ ಇಲ್ಲ. ಬಾಯಿಂದ ಹೊರಬಿದ್ದರೆ ಸವೆಯುತ್ತದೇನೋ ಎಂಬಂತೆ ಬೀಗ ಹಾಕಿ ಇಟ್ಟಿದ್ದಳು.

"ಒತ್ತು," ಎಂದಳು. ಸೆರಗಿಗೆ ಕೈ ಒರೆಸಿಕೊಂಡು ಗಂಟಲು ಸರಿಮಾಡಿಕೊಂಡಳು.

*ಬಾಗಿಲು ಮಲಗಿತು, ಬೀದಿಯೂ ಮಲಗಿತು,*
*ಬಾವಿಯ ನೀರೂ ಮಲಗಿತು ಕಂದ,*
*ಹಾಲಲಿ ಅದ್ದು...*

ನಿಂತಳು.

"ತಡಿ." ಮತ್ತೆ ಮೊದಲಿಂದ ಹಿಡಿದಳು. ಬಾಗಿಲು ಮಲಗಿತು. ಬಾವಿಯ ನೀರೂ ಮಲಗಿತು. ಕಾಲು ಜಾರಿದ ಹಾಗೆ ನಾಲಿಗೆ ಹಾಲಿಗೇ ಹೋಗಿ ಬಿತ್ತು. ಕೊನೆಯ ಸಾಲಿನಿಂದ ಹಿಂದಕ್ಕೆ ಬಂದು ನೋಡಿದಳು. *ನಿನ್ನದೇ ಕಣ್ಣು ಕಾವಲು ಕಂದ*, ಅದು ಇತ್ತು, ಅಮ್ಮ ಕಣ್ಣುರೆಪ್ಪೆಯ ಮೇಲೆ ಬೆರಳಿಡುತ್ತಿದ್ದದ್ದೂ ಇತ್ತು. ಅದಕ್ಕೆ ಮುಂಚೆ ಏನಿತ್ತು? ಏನು ಮಲಗಿತ್ತು? ಒಲೆಯೇ? ದೀಪವೇ? ಯಾವುದನ್ನು ಇಟ್ಟರೂ ರಾಗ ಒಪ್ಪಲಿಲ್ಲ. ರಾಗಕ್ಕೆ ಬೇಕಾದದ್ದು ಬಿಸ್ಕತ್ತೇ.

ಅಕ್ಕನ ಮಗಳು ನಗಲಿಲ್ಲ. ಅದೇ ತಡೆದುಕೊಳ್ಳಲಾಗದ್ದು.

"ಅಳಿಸು ಅದನ್ನ."

"ಇರಲಿ ಚಿಕ್ಕಮ್ಮ, ಮೂರು ಸಾಲಾದ್ರೂ ಬಂತಲ್ಲ. ಅಮ್ಮನಿಗೆ ಮೊದಲನೇದೇ..."

"ಅಳಿಸು ಅಂದೆ. ನಾನೂ ಹೀಗಾದೆ ಅಂತ ಅವಳಿಗೆ ಕೇಳಿಸ್ತೀಯಾ?"

ಅಕ್ಕನ ಮಗಳು ಅವಳ ಕಣ್ಣೆದುರೇ ಅಳಿಸಿದಳು. ಚಾದರದ ತುದಿಯನ್ನು ತಂದು ಕಂಬಿಗೆ ಮತ್ತೆ ಕಟ್ಟಿದಳು, ಮೊದಲಿದ್ದ ಹಾಗೆಯೇ.

"ಐದರ ಬಸ್ಸಿಗೆ ಹೋಗ್ತೀನಿ. ಅವಳೊಬ್ಬಳೇ ಇದ್ದಾಳೆ." ಚಪ್ಪಲಿ ಮೆಟ್ಟಿದ ಸದ್ದಾಯಿತು, ಗೇಟಿನ ಸದ್ದಾಯಿತು.

ಮಡಿಕೆಯಮ್ಮ ಉಳಿದ ಚಾದರ ಮಡಿಸಿದಳು. ತುಟಿ ಅಲುಗುತ್ತಲೇ ಇತ್ತು. ಹಾಲಲಿ ಅದ್ದು. ಹಾಲಲಿ ಅದ್ದು. ತಲೆ ಕೊಡವಿದಳು, ಹೋಗಲಿಲ್ಲ. ಹಿತ್ತಲಲ್ಲಿ ನಿಂತು ರೇಡಿಯೋಕ್ಕೆ ಶಾಪ ಹಾಕುತ್ತ ಹಾಕುತ್ತ, ದಿನಕ್ಕೆ ಎರಡು ಹೊತ್ತು ಅದನ್ನು ಕೇಳಿಸಿಕೊಂಡವಳು ತಾನೇ ಅಲ್ಲವೇ? ಬೀದಿಯಲ್ಲಿ ಅವಳಷ್ಟು ಕಿವಿಗೊಟ್ಟು ಕೇಳಿದವರು ಇನ್ನಾರೂ ಇರಲಿಕ್ಕಿಲ್ಲ.

ವ್ಯಾನಿನ ಹಾರ್ನು ಕೇಳಿತು. ಡ್ರೈವರು ಒಳಗೆ ಬಂದು ಗಂಟು ಎತ್ತಿಕೊಂಡ.

"ಏನಮ್ಮ, ಇವತ್ತು ಮಡಿಕೆ ಸೊಟ್ಟ? ಸೂರ್ಯ ಯಾವ ದಿಕ್ಕಲ್ಲಿ ಹುಟ್ಟಿದ ಅಂತ ನಮ್ಮ ಮ್ಯಾನೇಜರು ಕೇಳ್ತಾನೆ."

"ಬಸ್‌ಸ್ಟ್ಯಾಂಡ್ ಮೇಲೆ ಹೋಗ್ತೀಯಾ?"

"ಹೋಗ್ತೀನಿ. ಆದ್ರೆ ಈಗಲೇ ಹೊರಡ್ಬೇಕು."

"ಗಂಟು ತುಂಬೋ ಹೊತ್ತಿಗೆ ಬಂದೆ."

ತಗಡಿನ ಡಬ್ಬಿಯ ಕೆಳಗೆ ಒಂದು ಲಕೋಟೆ ಇತ್ತು. ಕಾಗದ ಬಂದ ವಾರವೇ ಕೊಂಡು, ಅಕ್ಕನ ವಿಳಾಸ ಬರೆದು, ಒಳಗೆ ಹಾಕಲು ಏನೂ ಬರೆಯದೆ ಇಟ್ಟಿದ್ದು. ಡಬ್ಬಿಯ ತುಕ್ಕು ಅದರ ಮೇಲೆ ಅರ್ಧ ಚಂದ್ರದ ಹಾಗೆ ಹತ್ತಿತ್ತು. ಮಡಿಕೆಯಮ್ಮ ನೆಲದ ಮೇಲೆ ಕೂತು, ಇಸ್ತ್ರಿ ಮೇಜಿನ ಮೇಲಿದ್ದ ಹಾಳೆ ಎಳೆದುಕೊಂಡು, ಅಕ್ಕ ಎಂದು ಬರೆದಳು. ಎರಡು ಸಾಲು ಬರೆದಳು. ಒಂದು ಸಾಲಿನ ಜಾಗ ಬಿಟ್ಟಳು. ಕೊನೆಯದನ್ನು ಬರೆದಳು. ಅದರ ಕೆಳಗೆ: *ನಡುವಿನದು ನನಗೂ ಹೋಯಿತು. ಬಿಸ್ಕತ್ತೇ ಬರುತ್ತದೆ. ನಿನಗೆ ಹೊಳೆದರೆ ಜಾಗ ಬಿಟ್ಟಿದ್ದೇನೆ.*

ವ್ಯಾನು ಬಸ್‌ಸ್ಟ್ಯಾಂಡಿಗೆ ಬಂದಾಗ ಬಸ್ಸಿನ ಇಂಜಿನ್ನು ಗುರುಗುಟ್ಟುತ್ತಿತ್ತು. ಕಂಡಕ್ಟರು ಬಾಗಿಲಿಗೆ ಬಡಿದ. ಮಡಿಕೆಯಮ್ಮ ಕಿಟಕಿ ಕಿಟಕಿ ಇಣುಕುತ್ತ ಓಡಿದಳು. ಹಿಂದಿನಿಂದ ಎರಡನೆಯದರಲ್ಲಿ ಗಲ್ಲದ ಗುಳಿ ಕಂಡಿತು. ಕೈ ಎತ್ತಿ ಲಕೋಟೆ ಒಳಕ್ಕೆ ಚಾಚಿದಳು.

"ಅಂಟಿಸೇ ಇಲ್ವಲ್ಲ ಚಿಕ್ಕಮ್ಮ."

"ಅಂಟಿಸಬೇಡ."

ಬಸ್ಸು ಅಲುಗಿತು. ಲಕೋಟೆಯ ಒಂದು ಮೂಲೆ ಇನ್ನೂ ಅವಳ ಬೆರಳಲ್ಲಿತ್ತು, ಇನ್ನೊಂದು ಮೂಲೆ ಕಿಟಕಿಯೊಳಗೆ. ಮೂರ್ನಾಲ್ಕು ಹೆಜ್ಜೆ ಬಸ್ಸಿನ ಜೊತೆಯೇ ನಡೆದಳು. ಆಮೇಲೆ ಬಿಟ್ಟಳು.